ರದ್ದಾದ ಹನ್ನೊಂದು ವರ್ಷ

ಬರ್ಲಿನ್ನಿನಲ್ಲಿ ಹೊಸ ಚಕ್ರವರ್ತಿ ಪಟ್ಟಕ್ಕೇರಿದ ದಿನವೇ, ಎಂದಿನಂತೆ, ಹಳೆಯವನ ಹನ್ನೊಂದು ವರ್ಷಗಳ ಆಳ್ವಿಕೆ, ಅದರಲ್ಲಿ ನಡೆದದ್ದೆಲ್ಲದರ ಸಮೇತ, ರದ್ದಾಯಿತು. ಜರ್ಮನರ ಆಳ್ವಿಕೆಯಲ್ಲಿದ್ದ ಮಂಗಳೂರಿನ ದಾಖಲೆ ಕಚೇರಿಯಲ್ಲಿ ಫ್ಲೋರಾ ಸೋನ್ಸ್ ತನ್ನ ಕಾಗದಗಳನ್ನು ಮೇಜಿನ ಮೇಲಿಟ್ಟಳು.

“ನಿಮ್ಮ ಮದುವೆಗೆ ಹೊಸ ತಾರೀಕು ಹಾಕಿ ಕೊಡ್ತೇನೆ ಅಕ್ಕ,” ಎಂದ ಗುಮಾಸ್ತ. “ಆದ್ರೆ ಮಗಳು ಹುಟ್ಟಿದ್ದೂ ತೀರಿಹೋದದ್ದೂ ಆ ವರ್ಷಗಳಲ್ಲೇ. ಎರಡೂ ನಡೆದೇ ಇಲ್ಲ ಅಂತ ಬರೀಬೇಕು. ಸಮಾಧಿಯ ಕಲ್ಲು ತಂದಿದ್ದೀರಾ?”

“ತಂದಿದ್ದೇನೆ. ಹಿಂದಿನ ಸಲ ಅಮ್ಮನೂ ಹೀಗೇ ನನ್ನ ಅಣ್ಣನದ್ದು ತಂದುಕೊಟ್ಟಿದ್ರು.”

ಅವಳು ಚೀಲದಿಂದ ಪುಟ್ಟ ಕಲ್ಲನ್ನೆತ್ತಿ ಕೊಟ್ಟಳು. ಕೆತ್ತಿದ ಹೆಸರಿನಲ್ಲಿ ಒಂದಿಷ್ಟೂ ಮಣ್ಣಿರಲಿಲ್ಲ. ಬೆಳಿಗ್ಗೆಯೇ ತಿಕ್ಕಿ ತೊಳೆದಿದ್ದಳು. ಗುಮಾಸ್ತ ಅದನ್ನು ಗೋಡೆಯ ಬದಿಯ ರಾಶಿಗೆ ಸೇರಿಸಿದ.

“ಚೀಲವನ್ನೂ ಇಲ್ಲೇ ಬಿಡ್ತೀರಾ?”

“ಇಲ್ಲ, ಅದು ಬೇಕು. ಹೋಗುವಾಗ ಮೀನು ತಕೊಂಡು ಹೋಗ್ಲಿಕ್ಕುಂಟು.”