ಸುಣ್ಣದ ಡಬ್ಬಿ

ಕಟ್.

ಹಲ್ಲಿನಿಂದ ದಾರ ಕಡಿದ ಸದ್ದು. ಪೂರ್ಣಿಮಾ ಹಾಸಿಗೆಯಲ್ಲೇ ಕಣ್ಣು ತೆರೆದಳು. ಕರೆಂಟು ಹೋಗಿ ಬನಹಟ್ಟಿಯ ಆ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಅದಕ್ಕೇ ಕೇಳಿಸಿತು. ಪಕ್ಕದಲ್ಲಿ ಗಂಡ ಸುಭಾಷ್ ಗೊರಕೆ ಹೊಡೆಯುತ್ತಿದ್ದ. ಸದ್ದು ಬಂದದ್ದು ಗೊಂಬೆಗಳ ಕೋಣೆಯಿಂದ.

ಬೆಳಿಗ್ಗೆ ಎದ್ದವಳೇ ಗೊಂಬೆಗಳನ್ನು ಒಂದೊಂದಾಗಿ ತಿರುವಿ ನೋಡಿದಳು. ನೀಲಿ ಮೊಲದ ಹೊಟ್ಟೆಯ ಹೊಲಿಗೆ ಅವಳದಾಗಿರಲಿಲ್ಲ. ಯಾರೋ ಬಿಚ್ಚಿ ಮತ್ತೆ ಹೊಲಿದಿದ್ದರು. ದಪ್ಪ ದಾರ, ಕೌದಿಗೆ ಹಾಕುವಂಥ ಉದ್ದ ಹೊಲಿಗೆ, ಕೊನೆಯಲ್ಲಿ ಮಗ್ಗದ ಎಳೆ ಕಡಿದಾಗ ನೇಕಾರರು ಹಾಕುವ ಗಂಟು. ಜಮಖಂಡಿಯಲ್ಲಿ ಬಿ.ಎ. ಓದಿ ಈ ಮನೆಗೆ ಬಂದ ಪೂರ್ಣಿಮಾಗೆ ಆ ಗಂಟು ಬರುತ್ತಿರಲಿಲ್ಲ. ಬರುತ್ತಿದ್ದುದು ಸುಭಾಷನಿಗೆ. ಮತ್ತೆ, ಅವನ ತಾಯಿ ಅನಸವ್ವನಿಗೆ.

ಆ ಕೋಣೆಯಲ್ಲಿ ಮೊದಲು ಅನಸವ್ವನ ಕೈಮಗ್ಗವಿತ್ತು. ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ ಮೇಲೆ ಪೂರ್ಣಿಮಾ ಅಲ್ಲಿ ಗೊಂಬೆ ಹೊಲಿಯತೊಡಗಿದ್ದಳು. ಮೈಗೆ ಸೀರೆಯ ತುಂಡು, ಕಿವಿಗೆ ದಡಿಯ ಚೂರು, ಹೊಟ್ಟೆಗೆ ಮಗ್ಗದಡಿ ಬಿದ್ದ ನೂಲು, ಕಣ್ಣಿಗೆ ಹಳೆ ಅಂಗಿಯ ಗುಂಡಿ. ಈಗ ಬೀಳಗಿ ಕಡೆಯ ಅಂಗನವಾಡಿಗಳಿಗೆ ಎಂಬತ್ತು ಗೊಂಬೆ ಕೊಡಬೇಕಿತ್ತು. ಸುಭಾಷ್ ಮೊದಲೇ ಹೇಳಿಬಿಟ್ಟಿದ್ದ.

"ಒಂದ ದೂರು ಬರಲಿ, ಆ ಖೋಲ್ಯಾಗ ಇನ್ನೊಂದು ಪವರ್‌ಲೂಮ್ ಕುಂದರಸತೇನಿ. ನೋಡ್ಕೊ."

ಸೂಜಿಗಳೂ ಕಾಣೆಯಾಗುತ್ತಿದ್ದವು. ಹೊಲಿಗೆ ಮುಗಿಸಿ ದಾರ ಕತ್ತರಿಸುವಷ್ಟರಲ್ಲಿ ಹಾಲು ಉಕ್ಕುವುದು, ಇಲ್ಲವೇ ಫೋನು ಬರುವುದು. ಸೂಜಿಯನ್ನು ಕೈಗೆ ಸಿಕ್ಕಲ್ಲಿ ಚುಚ್ಚಿ ಓಡುವಳು. ತಿರುಗಿ ಬಂದರೆ ಇರುತ್ತಿರಲಿಲ್ಲ.

ಅನಸವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆದರೂ ಹಗಲೆಲ್ಲ ಬಾಗಿಲಲ್ಲಿ ಕೂತು, ಗೊಂಬೆಗಳನ್ನು ಎತ್ತಿಕೊಂಡು ಅಂಗೈಯಿಂದ ಒತ್ತಿ ಒತ್ತಿ ನೋಡುವಳು.

"ಏನ ನೋಡಾಕತ್ತೀರಿ, ಅತ್ತೀ?"

"ನಿನಗ ಕಾಣಲಾರದ್ದು."

"ನಿಮಗ ಕಾಣತೈತೇನ್ರಿ?"

"ಕಣ್ಣ ಹೋದ್ರೇನಾತ ಬೇ, ಕೈ ಹೋಗಿಲ್ಲ. ದಿನಾ ಮಲಗೂ ಮುಂದ ಸೂಜಿ ಎಣಸಿ ಇಡು. ಅಷ್ಟ ಸಾಲಿ ಕಲತಾಕಿ, ಎಣಸಾಕ ಬರತೈತಿಲ್ಲ?"

ಕದ್ದವರೇ ಎಣಿಸು ಅನ್ನುತ್ತಿದ್ದಾರೆ. ಪೂರ್ಣಿಮಾ ಅತ್ತೆಯ ಕೈಯಿಂದ ಗೊಂಬೆಯನ್ನು ತೆಗೆದುಕೊಂಡಳು.

ಆಮೇಲೆ ಇನ್ನೂ ಎರಡು ಮೊಲ, ಒಂದು ಹುಲಿ. ಎಲ್ಲವುಗಳ ಹೊಟ್ಟೆಯ ಮೇಲೂ ಆಪರೇಷನ್ ಆದಂಥ ಗೀರು. ಪೂರ್ಣಿಮಾ ಹುಲಿಯನ್ನು ಕತ್ತರಿಸಿ ನೋಡಿದಳು. ಒಳಗೆ ನೂಲಲ್ಲದೆ ಮತ್ತೇನೂ ಇರಲಿಲ್ಲ. ಅಂದರೆ ಕೆಲಸ ಕೆಡಿಸುವುದೇ ಉದ್ದೇಶ. ದೂರು ಬರಬೇಕು, ಕೋಣೆ ಹೋಗಬೇಕು.

ಸೋಮವಾರ ಬಿಳಿ ಬೆಕ್ಕಿನ ಹೊಟ್ಟೆಯ ಮೇಲೆ ರಕ್ತದ ಚುಕ್ಕೆ ಕಂಡಿತು. ಅನಸವ್ವನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಪೂರ್ಣಿಮಾ ಬೆಕ್ಕನ್ನು ತಂದು ಗಂಡನ ಮುಂದಿಟ್ಟಳು.

"ಯವ್ವಾ, ಖರೇನ?" ಎಂದ ಸುಭಾಷ್.

ಅನಸವ್ವ ಸೊಸೆ ನಿಂತ ಕಡೆಗೆ ಮುಖ ತಿರುಗಿಸಿದಳು. ಬಾಯಿ ತೆರೆದಳು. ಮಗನ ಉಸಿರಾಟ ಕೇಳಿಸಿದಂತಾಗಿ ಮುಚ್ಚಿದಳು.

"ಹೂಂ. ನಾನ ಬಿಚ್ಚೇನಿ."

"ಯಾಕ?"

"ಮುಪ್ಪಾತಪ್ಪ. ಕೈ ಸುಮ್ಮನ ಕುಂದರವಲ್ವು."

ಮರುದಿನವೇ ಅವಳನ್ನು ಮುಧೋಳದ ಮಗಳ ಮನೆಗೆ ಕಳಿಸುವುದೆಂದಾಯಿತು. ಹೊರಡುವಾಗ ಅನಸವ್ವ ಎಲೆಯಡಿಕೆ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು ಸೊಸೆಯ ಕೈಯಲ್ಲಿ ಒತ್ತಿದಳು.

"ನಿಂದ ಐತಿ, ತಗೋ. ಅವನ ಮುಂದ ತಗೀಬ್ಯಾಡ. ಗೊಂಬಿ ಕಳಸೂಕಿಂತ ಮೊದಲ ನೋಡು."

ಬೂದಿಯೋ, ಮಂತ್ರಿಸಿದ ಮತ್ತೇನೋ. ಪೂರ್ಣಿಮಾ ಅದನ್ನು ತೆರೆಯದೆ ಗೋಡೆಯ ಮಾಡದಲ್ಲಿಟ್ಟು ಕೈ ತೊಳೆದುಕೊಂಡಳು.

ಅಂದು ಸಂಜೆ ನೆಮ್ಮದಿಯಿಂದ ಕೂತು ಉಳಿದ ಹನ್ನೆರಡು ಆನೆಗಳನ್ನು ಹೊಲಿದಳು. ನಡುವೆ ಮುಧೋಳದಿಂದ ಫೋನು ಬಂತು: ಅವ್ವ ಊಟಕ್ಕೆ ಏಳುತ್ತಿಲ್ಲ. ಎದ್ದುಹೋಗಿ ಎರಡು ಮಾತಾಡಿ ಬಂದು, ಹೊಸ ಸೂಜಿಯಲ್ಲಿ ಕೆಲಸ ಮುಗಿಸಿದಳು. ಆ ರಾತ್ರಿ ಯಾವ ಸದ್ದೂ ಇರಲಿಲ್ಲ.

ಬೆಳಿಗ್ಗೆ ಟೆಂಪೋದ ನಿಂಗಣ್ಣ ಬಂದು ಚೀಲಗಳನ್ನು ಒಯ್ದ. ಮಧ್ಯಾಹ್ನ ಅವನದೇ ಫೋನು.

"ಮಾಲು ಮುಟ್ಟಿತ್ರಿ ಅಕ್ಕಾರ. ಹುಡುಗ್ರು ಕಸಗೊಳ್ಳಾಕತ್ತಾವ. ಒಂದ ಕೂಸಂತೂ ಆನೀನ್ನ ಬಿಡವಲ್ದು, ಹೊಟ್ಟಿ ಬಾಯಾಗ ಕಚಗೊಂಡ ಮಲಗೇತಿ!"

ಪೂರ್ಣಿಮಾ ಎಷ್ಟೋ ದಿನಗಳ ಮೇಲೆ ನಕ್ಕಳು. ಆ ನಗೆಯ ಧೈರ್ಯದಲ್ಲೇ ಮಾಡದಿಂದ ಡಬ್ಬಿ ತೆಗೆದು ಮುಚ್ಚಳ ಎತ್ತಿದಳು.

ಸೂಜಿಗಳು. ಐದು.

ಪ್ರತಿಯೊಂದರ ಕಣ್ಣಲ್ಲೂ ಬೆರಳುದ್ದ ದಾರ ಉಳಿದಿತ್ತು. ಮೊಲದ ನೀಲಿ, ಹುಲಿಯ ಹಳದಿ, ಬೆಕ್ಕಿನ ಬಿಳಿ. ಅವಳೇ ಕತ್ತರಿಸಿದ ದಾರಗಳು. ಅವಳೇ ಗೊಂಬೆಯ ಮೆತ್ತನೆ ಮೈಗೆ ಚುಚ್ಚಿ, ಒಳಗೆ ಇಳಿದುಹೋಗಲು ಬಿಟ್ಟ ಸೂಜಿಗಳು.

ಆನೆಗೆ ಬಳಸಿದ ಬೂದು ದಾರದ ಸೂಜಿ ಡಬ್ಬಿಯಲ್ಲಿರಲಿಲ್ಲ. ಪೂರ್ಣಿಮಾ ಕೋಣೆಗೆ ಓಡಿದಳು. ಚಾಪೆ ಕೊಡವಿದಳು, ಸೆರಗು ತಡವಿದಳು, ನೆಲವನ್ನೆಲ್ಲ ಅಂಗೈಯಿಂದ ಸವರಿದಳು. ನಿನ್ನೆ ದಾರ ಪೋಣಿಸಿದ್ದು ಎರಡು ಸೂಜಿಗೆ. ಸಿಕ್ಕಿದ್ದು ಒಂದು.

ಫೋನು ಎತ್ತಿಕೊಂಡಳು. ನಿಂಗಣ್ಣನ ಹೆಸರು ಮೇಲೆಯೇ ಇತ್ತು. ಅಷ್ಟರಲ್ಲಿ ಬಾಗಿಲಲ್ಲಿ ಸುಭಾಷ್ ಬಂದು ನಿಂತ. ಕೋಣೆಯ ಉದ್ದಗಲವನ್ನು ಒಮ್ಮೆ ಕಣ್ಣಲ್ಲೇ ಅಳೆದು, ಅವಳ ಕೈ ನೋಡಿದ.

"ಏನೈತಿ ಅದರಾಗ?"

ಈ ಕೋಣೆ ಉಳಿಯಲೆಂದೇ ಅನಸವ್ವ ಯಾರಿಗೂ ಹೇಳಿರಲಿಲ್ಲ. ತಾನೂ ಹೇಳುವುದಿಲ್ಲ. ಪೂರ್ಣಿಮಾ ಫೋನು ಕೆಳಗಿಟ್ಟು ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಒತ್ತಿದಳು.

"ಸುಣ್ಣ," ಎಂದಳು.