ಕೆಂದಿ ಯಾರ ಹಸು?

ದನಗಾಹಿಗಳಿಂದಲೇ ಹೆಸರಾದ ಪಟ್ಟಣ ಅದು. ಅಲ್ಲಿನ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಜುಂಜಣ್ಣನ ಹಸು ಕೆಂದಿ ನಿಂತಿತ್ತು. ಬಂದವರು ನಾಟಿ ಹಸು ನೋಡಲಿ ಎಂದು ಅವನು ಒಂದು ವರ್ಷದ ಮಟ್ಟಿಗೆ ಬಿಟ್ಟುಕೊಟ್ಟಿದ್ದ. ಈಗ ವಾಪಸ್ ಕೇಳಿದರೆ, "ನೀನು ದಾನ ಕೊಟ್ಟಿದ್ದಲ್ವೇನಯ್ಯ?" ಎಂದರು ಮ್ಯಾನೇಜರ್.

ಜಗಳ ಬಿಡಿಸಲು ಬಂದ ದನಗಾಹಿಗಳ ಹಟ್ಟಿಯ ಯಜಮಾನರು ಹಳೆಯ ಕಟ್ಟಳೆ ಎತ್ತಿದರು. "ಇಬ್ರೂ ಕರೀರಿ. ಯಾರ ಕೂಗಿಗೆ ಹೋಗುತ್ತೋ ಹಸ ಅವರ್ದು. ಆಮೇಲೆ ಯಾರೂ ತಕರಾರು ತೆಗೀಬಾರ್ದು."

"ಆಗ್ಲಿ," ಎಂದರು ಮ್ಯಾನೇಜರ್.

ಜುಂಜಣ್ಣನಿಗೆ ನಗು ಬಂತು. ಹಟ್ಟಿಯಲ್ಲಿ ಒಬ್ಬೊಬ್ಬರದೂ ಒಂದೊಂದು ಕೂಗು. ಒಬ್ಬರ ಕೂಗಿಗೆ ಇನ್ನೊಬ್ಬರ ದನ ತಲೆ ಕೂಡ ಎತ್ತುವುದಿಲ್ಲ.

"ನೀವೇ ಮೊದ್ಲು ಕರೀರಿ ಸಾಮಿ. ಏನಂತ ಕರೀತೀರಿ, ಹಲೋ ಅಂತಾನಾ?"

ನೆರೆದವರೆಲ್ಲ ನಕ್ಕರು. ಮ್ಯಾನೇಜರೂ ನಕ್ಕರು. "ಸೋತ್ರೆ ಬೇಜಾರು ಮಾಡ್ಕೋಬಾರ್ದು ಕಣಯ್ಯ."

"ನನ್ನ ಕೂಗು ಕೇಳ್ದೆ ಅದು ಹೆಜ್ಜೆ ಎತ್ತಲ್ಲ. ಕರೀರಿ, ಕರೀರಿ."

ಮ್ಯಾನೇಜರ್ ಬಾಯಿ ತೆರೆಯಲಿಲ್ಲ. ಬಾಗಿಲ ಪಕ್ಕದ ಗೋಡೆಯಲ್ಲಿದ್ದ ಗುಂಡಿಯನ್ನು ಒತ್ತಿದರು. ಒಳಗಿನ ಸ್ಪೀಕರಿನಿಂದ ಉದ್ದನೆಯ ಕೂಗೊಂದು ಹೊರಟಿತು. ಕೆಂದಿ ಜುಂಜಣ್ಣನಿಗೆ ಬೆನ್ನು ಹಾಕಿ ಬಾಲ ಎತ್ತಿಕೊಂಡು ಅತ್ತ ಓಡಿತು.

"ಅಯ್ಯೋ, ಅದು ನನ್ನ ದನಿ!"

"ನಿಂದೇ ಕಣಯ್ಯ. ಜನ ಕೇಳ್ಲಿ ಅಂತ ಹೋದ ವರ್ಷ ಮೈಕಿನ ಮುಂದೆ ನೀನೇ ಕೂಗಿದ್ದಲ್ಲ? ಆವತ್ತಿಂದ ದಿನಾ ಅದನ್ನ ಹಾಕಿಯೇ ಇದಕ್ಕೆ ಹಿಂಡಿ ಇಡ್ತಾ ಇದೀವಿ."