ಬಳೆ ಒಡೆದ ಸಾಲು

ಬಂಗಡೆ ಮೀನು ಒಣಗುವ ವಾಸನೆ ಬಂದರೆ ಈಗಲೂ ನನ್ನ ಅಂಗೈ ಬೆವರುತ್ತದೆ.

ಆಗ ನಾನು ಆರನೇ ಕ್ಲಾಸು. ಅಮದಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಗಿರಿಜಕ್ಕನ ಗಂಡ ಮೀನಿಗೆಂದು ಸಮುದ್ರಕ್ಕೆ ಹೋದವನು ಎರಡು ತಿಂಗಳಾದರೂ ಬಂದಿರಲಿಲ್ಲ. ಹೆಣ ಸಿಗುವ ತನಕ ಹೆಂಡತಿ ಬಳೆ ತೆಗೆಯಬಾರದು, ಅಳಲೂಬಾರದು ಎನ್ನುತ್ತಿದ್ದರು ಹಿರಿಯರು. ಅವಳು ದಿನಾ ಎಸ್‌ಟಿಡಿ ಬೂತಿಗೆ ಹೋಗಿ ಗೋವಾದ ಬಂದರಿಗೆ ಫೋನು ಮಾಡಿ ವಿಚಾರಿಸುತ್ತಿದ್ದಳು. ನಾನೋ, ಶಾಲೆಯ ಸ್ಪರ್ಧೆಗೆಂದು ಅವಳೇ ಹೇಳಿಕೊಳ್ಳುವ ಹಾಗೆ ಕವಿತೆ ಬರೆದು, 'ದಂಡೆಯ ಕಲ್ಲಿಗೆ ನನ್ನ ಬಳೆ ಒಡೆದೆ' ಎಂದುಬಿಟ್ಟಿದ್ದೆ.

ಆಯಿ, ನನ್ನಮ್ಮ, ಅದನ್ನು ಓದಿದವಳೇ ನನ್ನ ಕೆನ್ನೆಗೆ ಬಾರಿಸಿದಳು. "ಬರೂವವನನ್ನೂ ಕೊಂದ್ಯಲ್ಲೇ!"

ನನ್ನ ಸಾಲಿಗೇ ದೋಣಿ ಮುಳುಗಿತೇನೋ ಅನ್ನಿಸಿತು. ಅಂಗಳದಲ್ಲಿ ಮೀನು ಮಗುಚಿ ಹಾಕುತ್ತಿದ್ದ ಗಿರಿಜಕ್ಕ ಕೇಳಿಸಿಕೊಂಡು ಬಂದಳು.

"ಓದೇ," ಎಂದಳು.

ಅವಳ ಹಸಿರು ಬಳೆಗಳಿಗೆ ಉಪ್ಪು ಅಂಟಿತ್ತು. ಅದನ್ನೇ ನೋಡುತ್ತ ಓದಿದೆ.

"ಬಳೆ ಒಡೆದ ಮೇಲೆ ಆ ಹೆಂಗಸು ಅತ್ತಳಾ?"

"ಅದನ್ನ ಬರೀಲಿಲ್ಲ ಅಕ್ಕಾ."

"ಬರಿ," ಎಂದಳು, ಸೆರಗಿನಿಂದ ಬಾಯಿ ಒತ್ತಿಕೊಂಡು. "ಅವಳಿಗಾದ್ರೂ ಅಳೂಕೆ ಬಿಡು."